ಯೋಚನೆ ಆಗುತ್ತೆ, ಯೋಚನೆ ಬರುತ್ತೆ

ನಮ್ಮ ಸಿಂಚನಾ ನರ್ಸಿಂಗ್ ಮುಗಿಸಿ ಸೋಮವಾರ ಕೆಲಸಕ್ಕೆ ಸೇರುತ್ತಾಳೆ. ಆರ್.ಟಿ. ನಗರದ ಕಡೆಯ ಒಂದು ಆರೋಗ್ಯ ಕೇಂದ್ರ. ಅದೇ ಬೀದಿಗಳಲ್ಲಿ ನಾನು ಹನ್ನೊಂದು ವರ್ಷ ಲಸಿಕೆ ಪೆಟ್ಟಿಗೆ ಹೊತ್ತು ಓಡಾಡಿದ್ದೇನೆ. ಮೊನ್ನೆ ಅವಳು, "ಅಜ್ಜಿ, ಮನೆ ಮನೆಗೆ ಹೋದಾಗ ಏನ್ ಮಾತಾಡ್ಬೇಕು ಹೇಳ್ಕೊಡು" ಎಂದು ಕೇಳಿದಳು. ನನಗೆ ಬಾಯಲ್ಲಿ ಹೇಳಲು ಬರುವುದಿಲ್ಲ. ನಾಲ್ಕು ಜನ ಕೂತ ಕಡೆ ನಾನು ಲೋಟ ತೊಳೆಯುವ ನೆಪದಲ್ಲಿ ಅಡುಗೆಮನೆ ಸೇರುತ್ತೇನೆಂದು ನಿಮ್ಮ ತಾತ ಇದ್ದಷ್ಟು ದಿನವೂ ನಗುತ್ತಿದ್ದರು. ಅದಕ್ಕೇ ಬರೆಯುತ್ತಿದ್ದೇನೆ. ಅವಳ ತಮ್ಮನೂ ಓದಲಿ. ಈ ಮಾತು ನರ್ಸುಗಳಿಗೆ ಮಾತ್ರ ಬೇಕಾದದ್ದಲ್ಲ.

ನಾನು ದೇವನಹಳ್ಳಿ ಕಡೆಯ ಹಳ್ಳಿ ಶಾಲೆಯಲ್ಲಿ ಓದಿದವಳು. ಎಸ್ಸೆಸ್ಸೆಲ್ಸಿ ಆದ ಮೇಲೆ ತರಬೇತಿ ಮುಗಿಸಿ ಆರೋಗ್ಯ ಸಹಾಯಕಿಯಾಗಿ ಸೇರಿದೆ. ಬಸುರಿಯರ ಲೆಕ್ಕ, ಬಾಣಂತಿಯರ ಭೇಟಿ, ಮಕ್ಕಳ ಇಂಜೆಕ್ಷನ್, ಮಳೆಗಾಲದಲ್ಲಿ ನೀರಿನ ತೊಟ್ಟಿಗಳಲ್ಲಿ ಸೊಳ್ಳೆ ಮರಿ ಹುಡುಕುವುದು, ಇದು ಕೆಲಸ. ಊರಲ್ಲಿ ಹೇಳಿಕೊಳ್ಳಲು ದೊಡ್ಡದೇನೂ ಅಲ್ಲ. ಕಷ್ಟವಿದ್ದದ್ದು ಒಂದೇ ಕಡೆ. ಗುರುತಿಲ್ಲದ ಮನೆಯ ಬಾಗಿಲು ತಟ್ಟಬೇಕಿತ್ತು.

ಮೊದಲು ಹಾಕಿದ್ದು ಯಲಹಂಕದ ಕಡೆಗೆ. ಮೊದಲ ವಾರ ನಾನು ಮಾಡಿದ ಮೋಸ ನಿಮಗೆ ಹೇಳಿಬಿಡುತ್ತೇನೆ. ಬೀದಿಯ ತುದಿಯ ಒಂದು ದೊಡ್ಡ ಮನೆಯ ಗೇಟಿನವರೆಗೆ ಮೂರು ದಿನ ಹೋದೆ. ಗೇಟಿನ ಚಿಲಕ ಹಿಡಿದರೆ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಮೂರು ದಿನವೂ ಹಿಂದಕ್ಕೆ ಬಂದು ರಿಜಿಸ್ಟರಿನಲ್ಲಿ "ಮನೆ ಬೀಗ" ಎಂದು ಬರೆದೆ. ನಾಲ್ಕನೆಯ ದಿನ ಆ ಬೀಗದ ಮನೆಯ ಸೊಸೆಯೇ ಏಳು ತಿಂಗಳ ಹೊಟ್ಟೆ ಹೊತ್ತು ಕೇಂದ್ರಕ್ಕೆ ಬಂದು, ನಮ್ಮ ಬೀದಿಗೆ ಯಾಕೆ ಯಾರೂ ಬರುವುದಿಲ್ಲ ಎಂದು ಕೇಳಿದಳು.

ನಮ್ಮ ಮೇಲಿನವರು ಸರೋಜಮ್ಮ, ಹಿರಿಯ ಆರೋಗ್ಯ ಸಹಾಯಕಿ. ಗಟ್ಟಿ ದನಿ, ಬಿಗಿ ತುರುಬು. ಅವರು ಎಲ್ಲರ ಮುಂದೆ ಬೈಯಲಿಲ್ಲ. ಛತ್ರಿ ತೆಗೆದುಕೊಂಡು ನನ್ನ ಜೊತೆ ಅದೇ ಗೇಟಿನವರೆಗೆ ನಡೆದು, ನನ್ನ ಹಿಂದೆ ನಿಂತರು.

"ಭಯ ಆಗ್ತದಾ?"

ಹೌದೆಂದು ತಲೆಯಾಡಿಸಿದೆ.

"ಆಗ್ಲಿ. ತಟ್ಟು."

ತಟ್ಟಿದೆ. ಆವತ್ತಿನಿಂದ ನಿವೃತ್ತಿಯ ದಿನದವರೆಗೆ ಒಂದು ಬಾಗಿಲನ್ನೂ ಡವಡವ ಇಲ್ಲದೆ ತಟ್ಟಲಿಲ್ಲ. ಆದರೂ ತಟ್ಟಿದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸರೋಜಮ್ಮನಿಂದ ನಾನು ಕಲಿತ ಇನ್ನೊಂದು ಮಾತು "ಯೋಚನೆ ಮಾಡ್ಬೇಡಿ." ಬಸುರಿ ಅತ್ತರೆ ಯೋಚನೆ ಮಾಡ್ಬೇಡಿ, ಮಗುವಿಗೆ ಭೇದಿಯಾದರೆ ಯೋಚನೆ ಮಾಡ್ಬೇಡಿ. ಹೇಳಿದವರಿಗೂ ಕೇಳಿದವರಿಗೂ ಹಗುರ. ಹೇಳಿ ಬಂದು ರಿಜಿಸ್ಟರಿನಲ್ಲಿ "ಧೈರ್ಯ ಹೇಳಲಾಗಿದೆ" ಎಂದು ಬರೆದರೆ ಆ ಮನೆಯ ಕೆಲಸ ಮುಗಿಯುತ್ತಿತ್ತು. ಹತ್ತರಲ್ಲಿ ಒಂಬತ್ತು ಸಲ ಅಷ್ಟೇ ಸಾಕಾಗುತ್ತಿತ್ತು ಕೂಡ. ಹತ್ತನೆಯದು ಶಬೀನಾ.

ಆಗ ನಾನು ಆರ್.ಟಿ. ನಗರಕ್ಕೆ ಬಂದು ಕೆಲವು ವರ್ಷವಾಗಿತ್ತು. ಶಬೀನಾ ಕೋಲಾರದ ಹುಡುಗಿ, ಚೊಚ್ಚಲ ಬಾಣಂತಿ. ಕೆಳಗೆ ಬೇಕರಿ ಇದ್ದ ಕಟ್ಟಡದ ಮೂರನೆಯ ಮಹಡಿಯಲ್ಲಿ ಮನೆ. ಗಂಡ ಫ್ರಿಜ್ ರಿಪೇರಿಗೆ ಹೋಗುತ್ತಿದ್ದ. ಮನೆಯ ಯಜಮಾನಿಕೆ ಅತ್ತೆ ಖೈರುನ್ನಿಸಾ ಅವರದು. ಮನೆಯಲ್ಲಿ ಉರ್ದು, ನನ್ನ ಜೊತೆ ಕನ್ನಡ. ಹೆರಿಗೆಯಾಗಿ ಹದಿನೈದು ದಿನಕ್ಕೆ ನಾನು ಹೋದಾಗ ಮಗು ಮುಸ್ಕಾನ್ ಅತ್ತೆಯ ತೊಡೆಯ ಮೇಲಿತ್ತು. ಶಬೀನಾ ಗೋಡೆಗೆ ಒರಗಿ, ಎರಡೂ ಕೈಯನ್ನು ದುಪಟ್ಟಾದ ಒಳಗೆ ಇಟ್ಟುಕೊಂಡು ಕೂತಿದ್ದಳು. ಎದ್ದು ಹೊರಡುವಾಗ ಮೆಲ್ಲಗೆ, "ಸಿಸ್ಟರ್, ನಂಗೆ ಯೋಚನೆ ಬರ್ತದೆ" ಎಂದಳು.

ಉರ್ದು ಮನೆಯ ಹುಡುಗಿ, ಕನ್ನಡ ತಪ್ಪಿದೆ ಎಂದುಕೊಂಡೆ. ನಗುತ್ತಾ, "ಯೋಚನೆ ಬರ್ತದೆ ಅಲ್ಲಮ್ಮ, ಯೋಚನೆ ಆಗ್ತದೆ ಅನ್ಬೇಕು. ಮೊದಲ್ನೇ ಮಗು, ಎಲ್ಲಾರ್ಗೂ ಆಗ್ತದೆ. ಯೋಚನೆ ಮಾಡ್ಬೇಡ" ಎಂದೆ. ಅತ್ತೆಯೂ ನಕ್ಕರು. ಶಬೀನಾಳೂ ನಕ್ಕಳು. ಆಮೇಲೆ ಬಾಯಿ ಬಿಡಲಿಲ್ಲ. ನಾನು ಮೆಟ್ಟಿಲ ಮೇಲೇ ನಿಂತು ಬರೆದೆ: ತಾಯಿಗೆ ಯೋಚನೆ ಇದೆ, ಧೈರ್ಯ ಹೇಳಲಾಗಿದೆ.

ಅವಳು ಏಳನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲೇ ಓದಿದವಳು ಎಂದು ನನಗೆ ತಿಳಿದದ್ದು ತಿಂಗಳುಗಳಾದ ಮೇಲೆ. ಅವಳ ಕನ್ನಡ ತಪ್ಪಿರಲಿಲ್ಲ.

ಗುರುವಾರ ನಮ್ಮಲ್ಲಿ ಲಸಿಕೆಯ ದಿನ. ಒಂದೂವರೆ ತಿಂಗಳಿಗೆ ಮುಸ್ಕಾನಳನ್ನು ಕರೆತಂದಾಗ ಅತ್ತೆ ಮಗುವಿನ ಕಾಲು ಹಿಡಿದುಕೊಂಡರು, ನಾನು ಚುಚ್ಚಿದೆ. ಶಬೀನಾ ಬಾಗಿಲ ಹತ್ತಿರ ನಿಂತಿದ್ದಳು. ಎರಡೂವರೆ ತಿಂಗಳಿಗೂ ಹಾಗೆಯೇ. ಆವತ್ತು ನಾನು ಬೇರೆ ತಾಯಂದಿರ ಮುಂದೆ, ಅತ್ತೆ ಅಂದ್ರೆ ಇಂಥವರು, ಸೊಸೆ ಕೈಗೆ ಒಂದು ಕೆಲಸ ಬಿಡಲ್ಲ ನೋಡಿ ಎಂದು ಹೊಗಳಿದೆ. ಮೂರೂವರೆ ತಿಂಗಳಿಗೂ ಅತ್ತೆಯೇ. ಅಷ್ಟು ಹೊತ್ತಿಗೆ ಮಗುವಿನ ತೂಕ ಏರುವುದು ನಿಂತಿತ್ತು.

ನಮ್ಮ ಕೇಂದ್ರಕ್ಕೆ ಆಗತಾನೆ ವಸುಮತಿ ಎಂಬ ಡಾಕ್ಟರು ಬಂದಿದ್ದರು. ವಯಸ್ಸಿನಲ್ಲಿ ನನ್ನ ಮಗಳಷ್ಟು, ಮಾತು ಕಡಿಮೆ. ಆ ಗುರುವಾರ ಸಂಜೆ ತಾಯಿ ಕಾರ್ಡುಗಳನ್ನು ತಿರುವಿಹಾಕುತ್ತಾ ಮುಸ್ಕಾನಳ ಕಾರ್ಡಿನ ಮೇಲೆ ಬೆರಳಿಟ್ಟು ಕೇಳಿದರು.

"ಇಂಜೆಕ್ಷನ್ ಹಾಕುವಾಗ ಮಗುನ ಯಾರು ಹಿಡ್ಕೊಂಡಿದ್ರು?"

"ಅಜ್ಜಿ, ಡಾಕ್ಟ್ರೇ."

"ಹೋದ ಸಲ?"

"ಅಜ್ಜೀನೇ."

"ತಾಯಿ ಒಂದ್ಸಲನಾದ್ರೂ ಎತ್ಕೊಂಡಿದ್ ನೋಡಿದೀರಾ?"

ನೋಡಿರಲಿಲ್ಲ. ಹದಿನೈದು ದಿನದ ಭೇಟಿಯಲ್ಲಿ ಅವಳು ಯೋಚನೆ ಎಂದದ್ದನ್ನು, ನಾನು ಧೈರ್ಯ ಹೇಳಿದ್ದನ್ನು ಒಪ್ಪಿಸಿದೆ. ಡಾಕ್ಟರು ಕೋಪ ಮಾಡಿಕೊಳ್ಳಲಿಲ್ಲ. ಚಿಂತೆ ಎಲ್ಲರಿಗೂ ಇರುತ್ತದೆ, ಇದೆಯಾ ಎಂದು ಕೇಳಿದರೆ ಏನೂ ತಿಳಿಯುವುದಿಲ್ಲ ಎಂದರು. ಆಮೇಲೆ ಹೇಳಿದ ಮಾತನ್ನು ನಾನು ಈಗಲೂ ಹಾಗೇ ಹೇಳಬಲ್ಲೆ.

"ನಾಳೆ ಮನೆಗೆ ಹೋಗಿ. ಏನ್ ಯೋಚನೆ ಅಂತ ಮೊದ್ಲೇ ಕೇಳ್ಬೇಡಿ. ಮುಂಚೆ ಮಾಡ್ತಿದ್ದಿದ್ದು ಏನೇನ್ ಬಿಟ್ಟಿದಾಳೆ, ಅದನ್ನ ನೋಡಿ."

ಮರುದಿನ ಶುಕ್ರವಾರ ಮಧ್ಯಾಹ್ನ ಹೋದೆ. ಬಾಗಿಲು ತೆಗೆದದ್ದೇ ಖೈರುನ್ನಿಸಾ ಅವರು ತಮ್ಮ ಸಂಕಟ ಹೇಳಿಕೊಂಡರು. ಸೊಸೆ ಮಗು ಎತ್ತಿಕೊಳ್ಳುವುದಿಲ್ಲ. ಹಾಲು ಕೊಡು ಎಂದರೆ ಅಳುತ್ತಾಳೆ. ಸ್ನಾನ ಮಾಡಿಸುವುದಿಲ್ಲ. ಕರುಳಿಲ್ಲದ ತಾಯಿ. ಇನ್ನು ತಮ್ಮ ಕೈಲಾಗುವುದಿಲ್ಲ.

"ಇತ್ವಾರ ಅವಳ ಭಾಯಿ ಬರ್ತಾನೆ ಸಿಸ್ಟರ್. ಕರ್ಕೊಂಡು ಹೋಗ್ಲಿ. ಬಚ್ಚಿ ಇಲ್ಲೇ ಇರ್ತದೆ."

ಇತ್ವಾರ ಎಂದರೆ ಭಾನುವಾರ, ಬಚ್ಚಿ ಎಂದರೆ ಹೆಣ್ಣುಮಗು. ನಡುವೆ ಇದ್ದದ್ದು ಒಂದು ದಿನ. ಮೂರೂವರೆ ತಿಂಗಳ ಕೂಸನ್ನು ಬಿಟ್ಟು ಆ ಹುಡುಗಿ ಹೋದರೆ ಇಬ್ಬರೂ ಏನಾಗುತ್ತಾರೋ ಎಂದು ಹೆದರಿದೆ.

ಶಬೀನಾಳ ಜೊತೆ ಒಬ್ಬಳೇ ಮಾತಾಡಬೇಕಿತ್ತು. ಅತ್ತೆಯನ್ನು ಆಚೆ ಹೋಗಿ ಎನ್ನುವ ಧೈರ್ಯ ನನ್ನಂಥವಳಿಗೆ ಎಲ್ಲಿಂದ ಬರಬೇಕು? ಸೊಳ್ಳೆ ಮರಿಯೇ ಕೈಹಿಡಿಯಿತು. ನೀರಿನ ಟ್ಯಾಂಕು ನೋಡಬೇಕು, ಮೇಲಿನ ತಾರಸಿ ಮಹಡಿಯ ಬಾಗಿಲು ತೆಗೆಸಿ ಎಂದೆ. ಅತ್ತೆ ಕೈಯಾಡಿಸಿದರು. ಮಹಡಿಯ ಕೀ ಕಳೆದುಹೋಗಿ ಮೂರು ತಿಂಗಳಾಯಿತು, ಬಟ್ಟೆಯೆಲ್ಲ ಮನೆಯೊಳಗೇ ಒಣಗಿಸುತ್ತಿದ್ದೇವೆ, ಕೆಳಗಿನವರ ಹತ್ತಿರ ಇನ್ನೊಂದು ಕೀ ಇದೆಯೋ ಏನೋ ನೋಡುತ್ತೇನೆ ಎಂದು ಮಗುವನ್ನು ಎತ್ತಿಕೊಂಡು ಇಳಿದರು. ಆಗ ತಲೆಯೆತ್ತಿ ನೋಡಿದೆ. ಕೋಣೆಯಲ್ಲಿ ಅಡ್ಡಡ್ಡ ಹಗ್ಗ, ಒದ್ದೆ ಬಟ್ಟೆ. ಕಿಟಕಿಯ ಹಿಡಿಗಳಿಗೆ ಹಳೆಯ ಪಟ್ಟಿ ಸುತ್ತಿ ಗಂಟು ಹಾಕಿತ್ತು. ಹದಿನೈದು ದಿನದ ಭೇಟಿಯ ಮೇಲೆ ಇನ್ನೊಂದು ಸಲವೂ ಬಂದಿದ್ದೆ, ಆಗಲೂ ಇದು ಕಣ್ಣಿಗೆ ಬಿದ್ದಿರಲಿಲ್ಲ.

ಶಬೀನಾಳ ಪಕ್ಕ ನೆಲದ ಮೇಲೆ ಕೂತೆ. ಏನೇನು ಬಿಟ್ಟಿದ್ದೀಯಮ್ಮ ಎಂದು ಕೇಳಿದೆ. ಅವಳು ನನ್ನ ಮುಖ ನೋಡಿದಳು. ಈ ಪ್ರಶ್ನೆಗೇ ಕಾಯುತ್ತಿದ್ದವಳಂತೆ ಒಂದೊಂದೇ ಹೇಳಿದಳು. ಮಹಡಿಗೆ ಹೋಗುವುದು ಬಿಟ್ಟಿದ್ದಾಳೆ. ಕಿಟಕಿಯ ಹತ್ತಿರ ಹೋಗುವುದು. ಮಗುವಿಗೆ ನೀರು ಹಾಕುವುದು. ಒಲೆಯ ಮೇಲೆ ಹಾಲಿದ್ದರೆ ಮಗು ಇರುವ ಕೋಣೆಗೆ ಬರುವುದು. ಕೂತಾಗ ಎತ್ತಿಕೊಂಡರೂ ನಿಂತಾಗ ಎತ್ತಿಕೊಳ್ಳುವುದಿಲ್ಲ. ಆಮೇಲೆ ದುಪಟ್ಟಾದ ತುದಿ ಬಿಚ್ಚಿದಳು. ಅದರಲ್ಲಿ ಮಹಡಿಯ ಕೀ ಇತ್ತು.

"ಯೋಚನೆ ಬರ್ತದೆ ಅಂದೆ ಸಿಸ್ಟರ್. ನೀವು ಆಗ್ತದೆ ಅನ್ನು ಅಂದ್ರಿ."

"ಏನ್ ಬರ್ತದಮ್ಮ?"

"ಎತ್ಕೊಂಡು ಮೇಲಿಂದ ಬಿಟ್ಟುಬಿಡ್ತೀನಿ ಅಂತ ಬರ್ತದೆ. ನಂಗೆ ಬೇಡ. ಬೇಡ ಅಂದ್ರೂ ಬರ್ತದೆ. ನಾನು ಎಂಥ ತಾಯಿ ಸಿಸ್ಟರ್?"

ಮಕ್ಕಳೇ, ಆ ಕ್ಷಣ ನನಗೆ ಆದದ್ದನ್ನು ಮುಚ್ಚಿಡುವುದಿಲ್ಲ. ಎದ್ದು ಹೋಗಿ ಆ ಮಗುವನ್ನು ಎಲ್ಲಾದರೂ ದೂರ ಇಟ್ಟುಬಿಡೋಣ ಅನ್ನಿಸಿತು. ನನ್ನ ಬಾಯಿಗೆ ಅದೇ ಹಳೆಯ ಮಾತೂ ಬಂತು. ಎರಡನ್ನೂ ತಡೆದುಕೊಂಡೆ. ಅವಳ ಕೈಯಲ್ಲಿದ್ದ ಕೀಯನ್ನೇ ನೋಡಿದೆ. ಮಗು ಬೇಡದವಳು ಮೂರು ತಿಂಗಳು ಮಹಡಿಯ ಕೀ ದುಪಟ್ಟಾದ ತುದಿಗೆ ಕಟ್ಟಿಕೊಂಡು ಕಾವಲು ಕೂರುತ್ತಾಳೆಯೇ? ತಪ್ಪು ನನ್ನದು, ನಿನ್ನ ಮಾತು ನಾನು ಕೇಳಿಸಿಕೊಳ್ಳಲಿಲ್ಲ ಎಂದೆ. ಅವಳು ಅತ್ತಳು. ಸಾಯಬೇಕು ಅನ್ನಿಸುತ್ತದೆಯಾ ಎಂದು ಕೇಳಲು ಡಾಕ್ಟರು ಹೇಳಿಕೊಟ್ಟಿದ್ದರು. ಕೇಳಿದೆ. ಆ ಪ್ರಶ್ನೆ ಕೇಳಿದರೆ ಇಲ್ಲದ್ದು ತಲೆಗೆ ಹೊಗುತ್ತದೆ ಎಂದು ಹೆದರಿದ್ದೆ. ಹಾಗೇನೂ ಆಗುವುದಿಲ್ಲ. ಇಲ್ಲ, ಆದರೆ ಹೀಗೇ ಇದ್ದರೆ ಏನೋ ಗೊತ್ತಿಲ್ಲ ಎಂದಳು. ನಾಳೆಯೇ ಡಾಕ್ಟರ ಹತ್ತಿರ ಹೋಗೋಣ, ಅತ್ತೆಗೆ ನಾನು ಹೇಳಲಾ ಎಂದೆ. ಹೂಂ ಎಂದು ತಲೆಯಾಡಿಸಿದಳು.

ಅತ್ತೆ ಕೆಳಗಿನಿಂದ ಬರಿಗೈಯಲ್ಲಿ ಬಂದರು. ನಾನು ಕೀಯನ್ನು ಅವರ ಅಂಗೈಯಲ್ಲಿ ಇಟ್ಟು ವಿಷಯ ಹೇಳಿದೆ. ಸೊಸೆಗೆ ಹುಚ್ಚು ಎನ್ನುತ್ತಿದ್ದೇನೆಂದುಕೊಂಡು ಅವರ ಮುಖ ಕೆಂಪಾಯಿತು.

"ನಮ್ಮ ಬಹೂ ಪಾಗಲ್ ಅಂತೀರಾ ಸಿಸ್ಟರ್?"

ಮಾಮೂಲಿನಂತೆ ಇದ್ದಿದ್ದರೆ ಅಲ್ಲಿಗೆ ನಾನು ಎದ್ದು ಬರುತ್ತಿದ್ದೆ. ಆವತ್ತು ಏಳಲಿಲ್ಲ. "ಅಲ್ಲಮ್ಮಾ. ಕರುಳಿಲ್ಲ ಅಂದ್ರಲ್ಲ, ಆ ಕೀ ನೋಡಿ. ನೀವೆಲ್ಲ ನಿದ್ದೆ ಮಾಡುವಾಗ್ಲೂ ಇವಳು ಮಗುನ ಕಾಯ್ತಾ ಕೂತಿದಾಳೆ. ಇದು ಕಾಯಿಲೆ. ವಾಸಿ ಆಗ್ತದೆ. ಭಾನುವಾರ ಕಳಿಸ್ಬೇಡಿ" ಎಂದೆ. ಅಷ್ಟು ಉದ್ದ ಮಾತು ನಾನು ಒಂದೇ ಉಸಿರಿನಲ್ಲಿ ಮತ್ತೆಂದೂ ಆಡಿಲ್ಲ. ಖೈರುನ್ನಿಸಾ ಅವರು ಕೀ ಹಿಡಿದುಕೊಂಡು ಕಿಟಕಿಯ ಗಂಟುಗಳನ್ನು ಒಂದೊಂದಾಗಿ ನೋಡಿದರು. ಅವನ್ನು ಧೂಳು ಬಾರದಿರಲಿ ಎಂದು ಕಟ್ಟಿದ್ದಾಳೆ ಎಂದುಕೊಂಡಿದ್ದರಂತೆ. ನಾಳೆ ಎಷ್ಟು ಗಂಟೆಗೆ ಬರಬೇಕು ಎಂದಷ್ಟೇ ಕೇಳಿದರು.

ಶನಿವಾರ ಡಾಕ್ಟರು ಶಬೀನಾಳನ್ನು ಒಂದು ಗಂಟೆ ಕೂರಿಸಿಕೊಂಡು ಮಾತಾಡಿ, ಅವತ್ತೇ ಮನಸ್ಸಿನ ಡಾಕ್ಟರಲ್ಲಿಗೆ ಕಳಿಸಿದರು. ಸಂಜೆ ನನಗೆ ಬಿಡಿಸಿ ಹೇಳಿದರು. ಮಗು ಬಿದ್ದೀತು ಎಂಬ ಭಯ ಪ್ರತಿ ತಾಯಿಗೂ ಉಂಟು, ಅದು ಬಂದು ಹೋಗುತ್ತದೆ, ತಾಯಿ ಕೆಲಸ ಮಾಡಿಕೊಂಡೇ ಇರುತ್ತಾಳೆ. ಬೇಡದ ಯೋಚನೆ ದಿನಕ್ಕೆ ನೂರು ಸಲ ನುಗ್ಗಿ, ಅದಕ್ಕೆ ಹೆದರಿ ತಾಯಿ ಒಂದೊಂದೇ ಕೆಲಸ ಬಿಡುತ್ತಾ ಬಂದರೆ ಅದು ಕಾಯಿಲೆ. ಹೀಗೆ ಹೆದರುವವರು ಸಾಮಾನ್ಯವಾಗಿ ಮಗುವಿಗೆ ಏನೂ ಮಾಡುವುದಿಲ್ಲ, ಆದರೂ ಅದನ್ನು ತೀರ್ಮಾನಿಸುವುದು ಡಾಕ್ಟರೇ ಹೊರತು ನೀವಲ್ಲ ಎಂದರು. ಇನ್ನು ಯಾರೋ ಕಿವಿಯಲ್ಲಿ ಹೇಳುತ್ತಿದ್ದಾರೆ ಎನ್ನುವವಳು, ಅಂಥ ಮಾತನ್ನು ಭಯವಿಲ್ಲದೆ ಆಡುವವಳು, ಸಾಯುವ ಮಾತಾಡುವವಳು ಸಿಕ್ಕರೆ ಅವಳನ್ನು ಒಬ್ಬಳೇ ಬಿಡಬಾರದು, ಆ ಗಳಿಗೆಯಲ್ಲೇ ದೊಡ್ಡ ಆಸ್ಪತ್ರೆಗೆ. ಸಿಂಚನಾ, ಇದಕ್ಕೆ ಅಡಿಗೆರೆ ಹಾಕಿಕೋ.

ಭಾನುವಾರ ಶಬೀನಾಳ ಅಣ್ಣ ಬಂದ. ಊಟ ಮಾಡಿ, ಮುಸ್ಕಾನಳ ಕೈಗೆ ಒಂದು ಗಿಲಕಿ ಕೊಟ್ಟು, ಒಬ್ಬನೇ ಕೋಲಾರಕ್ಕೆ ವಾಪಸು ಹೋದ.

ವಾಸಿಯಾಗಲು ತಿಂಗಳುಗಳೇ ಹಿಡಿದವು. ಮಾತ್ರೆ ಇತ್ತು, ಹಾಲುಣಿಸುವವರಿಗೆ ಆಗಿಬರುವಂಥದ್ದನ್ನೇ ಕೊಟ್ಟಿದ್ದರು. ವಾರಕ್ಕೊಮ್ಮೆ ಹೋಗಿ ಮಾತಾಡಿ ಬರಬೇಕಿತ್ತು. ಬಿಟ್ಟದ್ದನ್ನೆಲ್ಲ ಒಂದೊಂದಾಗಿ ಮತ್ತೆ ಹಿಡಿಯಬೇಕಿತ್ತು. ಮೊದಲು ಕೂತು ನೀರು ಹಾಕುವುದು, ಆಮೇಲೆ ಎತ್ತಿಕೊಂಡು ನಿಲ್ಲುವುದು, ಆಮೇಲೆ ಕಿಟಕಿ. ನಡುವೆ ಎರಡು ಸಲ ಹಿಂದೆ ಬಿದ್ದಳು. ಒಂದು ಸಲ ಮಾತ್ರೆ ನಿಲ್ಲಿಸಿದ್ದಳು, ಖೈರುನ್ನಿಸಾ ಅವರೇ ಕೈಹಿಡಿದು ಕರೆತಂದರು. ನಾನು ಹೋದಾಗಲೆಲ್ಲ ಅತ್ತೆ ಬಾಗಿಲಲ್ಲೇ ವರದಿ ಒಪ್ಪಿಸುತ್ತಿದ್ದರು: ಇವತ್ತು ಕಿಟಕಿಯದೊಂದು ಗಂಟು ಬಿಚ್ಚಿದಳು ಸಿಸ್ಟರ್.

ಒಂಬತ್ತು ತಿಂಗಳ ದಡಾರದ ಇಂಜೆಕ್ಷನ್ನಿಗೆ ಬಂದ ಗುರುವಾರ ಅತ್ತೆ ಬೆಂಚಿನ ಮೇಲೆ ಕೂತುಬಿಟ್ಟರು. ಶಬೀನಾ ಮಗುವನ್ನು ಎತ್ತಿಕೊಂಡು ನನ್ನ ಮುಂದೆ ಬಂದು ನಿಂತಳು. ನಿಂತೇ ಹಿಡಿದುಕೊಂಡಳು. ನಾನು ಚುಚ್ಚಿ ಮುಗಿಸುವವರೆಗೂ ಹಿಡಿತ ಸಡಿಲಿಸಲಿಲ್ಲ. ಮುಸ್ಕಾನ್ ಒಬ್ಬಳೇ ಗಟ್ಟಿಯಾಗಿ ಅತ್ತಳು.

ಆವತ್ತು ರಿಜಿಸ್ಟರಿನ ಅಂಚಿನಲ್ಲಿ ನಾನು "ತಾ" ಎಂದು ಬರೆದೆ. ತಾಯಿಯೇ ಹಿಡಿದಿದ್ದಳು ಎಂದು ಅರ್ಥ. ತಪಾಸಣೆಗೆ ಬಂದ ಅಧಿಕಾರಿ, ಇದೇನಮ್ಮ, ಇದಕ್ಕೆ ಕಾಲಂ ಎಲ್ಲಿದೆ ಎಂದು ಕೇಳಿದರು. ಇಲ್ಲ ಸಾರ್, ಅದಕ್ಕೇ ಅಂಚಿನಲ್ಲಿ ಬರೆದೆ ಎಂದೆ. ಆಮೇಲೆ ನಿವೃತ್ತಿಯವರೆಗೆ ಪ್ರತಿ ಮಗುವಿನ ಸಾಲಿನ ಮುಂದೆ ತಾ, ಅಜ್ಜಿ ಹಿಡಿದಿದ್ದರೆ ಅ, ತಂದೆಯಾದರೆ ತಂ ಎಂದು ಬರೆದೆ. ಬರೆಯಬೇಕಾದರೆ ನೋಡಬೇಕಾಗುತ್ತದೆ. ಮೂರು ಸಲ ಸಾಲಾಗಿ "ಅ" ಕಂಡರೆ ಆ ಮನೆಗೆ ಹೋಗುತ್ತಿದ್ದೆ. ಹೆಚ್ಚಿನ ಮನೆಗಳಲ್ಲಿ ಏನೂ ಇರುತ್ತಿರಲಿಲ್ಲ, ತಾಯಿಗೆ ಸೂಜಿ ನೋಡಲಾಗದು ಅಷ್ಟೇ. ಇನ್ನೆರಡು ಮನೆಗಳಲ್ಲಿ ಶಬೀನಾಳಂಥದೇ ಕಾಯಿಲೆ ಇತ್ತು.

ಒಂದು ಸಲ ಕೈಸುಟ್ಟುಕೊಂಡವಳು ಎಲ್ಲ ಕಡೆ ಬೆಂಕಿ ಕಂಡೆ ಎಂಬುದನ್ನೂ ಹೇಳಬೇಕು. ಕೊನೆಯ ವರ್ಷಗಳಲ್ಲಿ ನನ್ನನ್ನು ಅಲ್ಲಾಳಸಂದ್ರಕ್ಕೆ ಹಾಕಿದ್ದರು. ಅಲ್ಲಿ ಗೌರಮ್ಮ ಎಂಬ ಹಳೆಯ ಒಕ್ಕಲು ಮನೆಯ ಹೆಂಗಸು, ಹೊಲವಿದ್ದ ಜಾಗದಲ್ಲಿ ಮಗ ನಾಲ್ಕಂತಸ್ತು ಕಟ್ಟಿಸುತ್ತಿದ್ದ, ಮಗಳ ಮದುವೆ ಬೇರೆ ಹತ್ತಿರ ಬಂದಿತ್ತು. "ಇಂಗೇ ಎದೆ ಒಡ್ಕಂತದೆ ಕಣವ್ವ, ನಿದ್ದೆ ಬರಾಕಿಲ್ಲ" ಎಂದದ್ದೇ ತಡ, ನಾನು ಮುಂದಿನ ಪ್ರಶ್ನೆ ಕೇಳದೆ ಆಟೋ ಹತ್ತಿಸಿ ಕೇಂದ್ರಕ್ಕೆ ಕರೆತಂದು, ಮನಸ್ಸಿನ ಡಾಕ್ಟರಿಗೆ ಚೀಟಿ ಬರೆಯಿರಿ ಎಂದು ನಿಂತೆ. ಅಲ್ಲಿನ ಡಾಕ್ಟರು ಮೊದಲು ಬಿ.ಪಿ. ನೋಡಿ, ಎದೆಯ ಇ.ಸಿ.ಜಿ., ರಕ್ತ, ಥೈರಾಯ್ಡ್ ಎಲ್ಲ ಮಾಡಿಸಿದರು. ಎದೆ ಹೊಡೆದುಕೊಳ್ಳುವುದಕ್ಕೆ ದೇಹದಲ್ಲೂ ಕಾರಣವಿರಬಹುದು, ಅದನ್ನು ನೋಡದೆ ಮನಸ್ಸಿನ ಮೇಲೆ ಹಾಕಬಾರದು. ಎಲ್ಲ ಸರಿಯಿತ್ತು. ಆಮೇಲೆ ಏನೇನು ಬಿಟ್ಟಿದ್ದೀರಿ ಎಂದು ಕೇಳಿದರು. ಗೌರಮ್ಮ ಏನೂ ಬಿಟ್ಟಿರಲಿಲ್ಲ. ಬೆಳಿಗ್ಗೆ ಎರಡು ಹಸು ಕರೆದಿದ್ದರು, ಕೆರೆ ಏರಿಯ ಮೇಲೆ ಒಂದು ಸುತ್ತು ಹೋಗಿದ್ದರು, ಮೇಸ್ತ್ರಿಯ ಜೊತೆ ಜಗಳ ಆಡಿದ್ದರು, ಸೀರೆ ಅಂಗಡಿಯಲ್ಲಿ ಮೂರು ಗಂಟೆ ಕೂತು ಬಂದಿದ್ದರು.

"ಎದೆ ಒಡ್ಕಂಡಿದ್ದು ಮದುವೆಗೆ. ಭಯ ಆಗಿದ್ದು ಈವಮ್ಮ ಆಟೋ ಅತ್ತಿಸ್ದಾಗ" ಎಂದು ನನ್ನನ್ನು ತೋರಿಸಿದರು. ಡಾಕ್ಟರೂ ನಕ್ಕರು. ಮದುವೆ ಮುಗಿಯಿತು, ನಿದ್ದೆ ಬಂತು. ಊಟದ ಪಂಕ್ತಿಯಲ್ಲಿ ನನ್ನ ಎಲೆಗೆ ಎರಡು ಸಲ ಒಬ್ಬಟ್ಟು ಬಡಿಸಿ, ಏನೂ ಬಿಡಬೇಡ ಎಂದು ಹಂಗಿಸಿದರು.

ಈಗ ರಿಜಿಸ್ಟರ್ ಇಲ್ಲ, ಟ್ಯಾಬ್ ಬಂದಿದೆ. ಮನಸ್ಸಿನ ಪ್ರಶ್ನೆಗಳೂ ಅದರಲ್ಲೇ ಇವೆ, ಹೌದು ಅಥವಾ ಇಲ್ಲ ಎಂದು ಒತ್ತಬೇಕು. ನಮ್ಮ ಕಾಲದಲ್ಲಿ ಅಷ್ಟೂ ಇರಲಿಲ್ಲ, ಒಳ್ಳೆಯದೇ. ಆದರೆ ಅತ್ತೆಯ ಮುಂದೆ ಕೇಳಿದರೆ ಎಲ್ಲ ಸೊಸೆಯರೂ ಇಲ್ಲ ಎನ್ನುತ್ತಾರೆ, ಮತ್ತು ಟ್ಯಾಬಿಗೆ ಅಂಚು ಇರುವುದಿಲ್ಲ. ಒಂದು ಸಣ್ಣ ನೋಟ್‌ಬುಕ್ ಚೀಲದಲ್ಲಿ ಇಟ್ಟುಕೋ. ಯಾರ ಮನೆಯದು ಎಂದು ಬೇರೆಯವರಿಗೆ ತಿಳಿಯದಂತೆ ಬರೆದುಕೋ. ಒಬ್ಬಳು ಹೇಳಿದ ಮಾತನ್ನು ತಿದ್ದಬೇಡ, ಅವಳು ಹೇಳಿದ ಹಾಗೆಯೇ ಬರೆ.

ಇಷ್ಟು ಬರೆಯುವ ಹೊತ್ತಿಗೆ ಸಿಂಚನಾ ಪಕ್ಕದ ಕೋಣೆಯಿಂದ ಕೂಗಿದಳು. ರಾತ್ರಿ ಸರಿಯಾಗಿ ನಿದ್ದೆ ಇಲ್ಲ, ಸೋಮವಾರ ನೆನೆಸಿಕೊಂಡರೆ ಕೈ ತಣ್ಣಗಾಗುತ್ತದೆ ಎಂದಳು. ನನ್ನ ಬಾಯಿಗೆ ಆ ಹಳೆಯ ಮಾತು ಬಂತು. ನುಂಗಿಕೊಂಡು, ಎದ್ದು ಹೋಗಿ ಬಾಗಿಲಲ್ಲಿ ನಿಂತು ನೋಡಿದೆ. ಬೆಳಗಿನ ತಿಂಡಿಯ ತಟ್ಟೆ ಖಾಲಿಯಾಗಿತ್ತು. ಬಿಳಿ ಕೋಟನ್ನು ಮಂಚದ ಮೇಲೆ ಹಾಸಿಕೊಂಡು ಇಸ್ತ್ರಿ ಮಾಡುತ್ತಿದ್ದಳು. ಒಂದು ತೋಳು ಮುಗಿದಿತ್ತು, ಇನ್ನೊಂದು ಬಾಕಿ.

"ಭಯ ಆಗ್ತಿದೆ ಅಜ್ಜಿ."

"ಆಗ್ಲಿ" ಎಂದೆ. "ಆ ತೋಳೂ ಮುಗ್ಸು."